ಕೂದಲಿಗೆ ಗೊತ್ತಿರುವುದಿಷ್ಟು

ಪುಟ್ಟಿ,

ಹಬ್ಬಕ್ಕೆ ಬಂದವಳು ಊಟವಾದ ಮೇಲೆ ಮೊಬೈಲಿನಲ್ಲಿ ಒಂದು ರಿಪೋರ್ಟು ತೆಗೆದು ನನ್ನ ಮುಂದೆ ಹಿಡಿದೆ. ‘ದೊಡ್ಡಮ್ಮ, ನೀವು ಲ್ಯಾಬಿನಲ್ಲಿ ಇದ್ದವರು, ಇದನ್ನ ಒಂಚೂರು ನೋಡಿ’ ಎಂದೆ. ಹದಿನಾಲ್ಕು ಪುಟ. ಪುಟದ ತುಂಬ ಹಸಿರು, ಹಳದಿ, ಕೆಂಪು ಪಟ್ಟಿಗಳು. ಕ್ಯಾಲ್ಸಿಯಂ ಹೆಚ್ಚು, ತಾಮ್ರ ಹೆಚ್ಚು, ಸತು ಕಡಿಮೆ, ಸೆಲೆನಿಯಂ ಕಡಿಮೆ. ನಿನ್ನ ಮೈ ‘ಸ್ಲೋ ಆಕ್ಸಿಡೈಸರ್’ ಎಂಬ ಜಾತಿಯದಂತೆ. ಕೊನೆಯ ಪುಟದಲ್ಲಿ ಆರು ತಿಂಗಳು ನುಂಗಬೇಕಾದ ಮೂರು ಬಗೆಯ ಗುಳಿಗೆ. ಪರೀಕ್ಷೆ ಮಾಡಿದವರೇ ಅವನ್ನೂ ಮಾರುತ್ತಾರೆ. ಮನೆ ತುಂಬ ನೆಂಟರಿದ್ದರು. ‘ಆಮೇಲೆ ಹೇಳ್ತೀನಿ’ ಎಂದು ಎದ್ದುಬಿಟ್ಟೆ. ನೀನು ಮುಖ ಸಣ್ಣ ಮಾಡಿಕೊಂಡದ್ದು ನೋಡಿದೆ. ಅವತ್ತು ಉಳಿಸಿಕೊಂಡ ಮಾತನ್ನು ಈಗ ಕೂತು ಬರೆಯುತ್ತಿದ್ದೇನೆ. ನಿನ್ನ ರೂಮಿನ ಹುಡುಗಿಯರಿಗೂ ಓದಿ ಹೇಳು; ಅವರಲ್ಲೂ ಇಬ್ಬರು ಕೂದಲು ಕತ್ತರಿಸಿ ಕಳಿಸಿದ್ದಾರೆ ಅಂದೆಯಲ್ಲ.

ನಿನ್ನ ತಲೆಗೂದಲಿನ ಗುರುತು ನನಗೆ ಚೆನ್ನಾಗಿದೆ. ಬೇಸಿಗೆ ರಜೆಯಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿಕೊಂಡು ಹರಳೆಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ತಿಕ್ಕಿ, ತಾಮ್ರದ ಹಂಡೆಯ ಬಿಸಿನೀರು ಹುಯ್ದವಳು ನಾನು. ಎರಡು ಜಡೆ ಹೆಣೆದರೂ ಕೈ ತುಂಬ ಇರುತ್ತಿತ್ತು. ಈಗ ಬಾಚಣಿಗೆ ತುಂಬ ಬರುತ್ತದೆ, ಸಂಜೆ ಹೊತ್ತಿಗೆ ಮೈ ಸೋತುಹೋಗುತ್ತದೆ, ಲಿಫ್ಟು ಕೆಟ್ಟ ದಿನ ಮೂರು ಮಹಡಿ ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದೆ. ಇದನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ನಿನ್ನ ದಣಿವು ನಿಜ. ಕಾರಣ ಹುಡುಕಲೇಬೇಕೆಂಬ ನಿನ್ನ ಹಟವೂ ಸರಿ. ನೀನು ಹುಡುಕಲು ಹೋದ ಜಾಗದ ಬಗ್ಗೆ ಮಾತ್ರ ನನ್ನ ತಕರಾರು.

ಮೊದಲು ಕೂದಲಿನ ಪರವಾಗಿಯೇ ಮಾತಾಡುತ್ತೇನೆ. ಕೂದಲು ಸುಳ್ಳು ಸಾಕ್ಷಿ ಎಂದು ನಾನು ಹೇಳುವುದಿಲ್ಲ. ಚರ್ಮದೊಳಗಿನ ಬುಡದಲ್ಲಿ ಅದು ಬೆಳೆಯುವಾಗ ರಕ್ತ ಅದಕ್ಕೆ ಊಟ ಕೊಡುತ್ತಿರುತ್ತದೆ. ಹೊರಗೆ ಬಂದ ಮೇಲೆ ಆ ನಂಟು ಕಡಿಯಿತು, ಆಮೇಲಿನದು ಜೀವವಿಲ್ಲದ ಎಳೆ. ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನಲ್ಲಿ ಗಂಧಕ ಹೇರಳವಾಗಿದೆ. ಪಾದರಸ, ಆರ್ಸೆನಿಕ್ ಇವೆರಡೂ ಗಂಧಕ ಸಿಕ್ಕರೆ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ರಕ್ತದಲ್ಲಿ ವಿಷ ಹರಿಯುತ್ತಿದ್ದ ದಿನ ಬುಡದಲ್ಲಿ ಬೆಳೆಯುತ್ತಿದ್ದ ತುಣುಕಿಗೆ ಆ ವಿಷ ಸೇರಿಕೊಂಡು ಅಲ್ಲೇ ಉಳಿಯುತ್ತದೆ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಬುಡದಿಂದ ಐದು ಸೆಂಟಿಮೀಟರ್ ಮೇಲಿನ ತುಣುಕು ಐದು ತಿಂಗಳ ಹಿಂದಿನ ಮಾತು ಹೇಳಬಲ್ಲದು. ರಕ್ತಕ್ಕೂ ಮೂತ್ರಕ್ಕೂ ಅಷ್ಟು ನೆನಪಿಲ್ಲ.

ಇರಾಕಿನಲ್ಲಿ 1971–72ರಲ್ಲಿ ನಡೆದದ್ದು ಕೇಳು. ಬರಗಾಲದ ಮೇಲೆ ಬಿತ್ತನೆಗೆಂದು ಹೊರದೇಶದಿಂದ ಗೋಧಿ ತರಿಸಿದರು. ಬೂಸ್ಟು ಹಿಡಿಯದಿರಲೆಂದು ಅದಕ್ಕೆ ಮೀಥೈಲ್ ಪಾದರಸ ಸವರಿ, ಗುರುತಿಗೆ ಬಣ್ಣ ಹಾಕಿದ್ದರು. ಚೀಲದ ಮೇಲಿನ ಎಚ್ಚರಿಕೆಯ ಭಾಷೆ ಆ ರೈತರಿಗೆ ಬಾರದು. ತೊಳೆದರೆ ಬಣ್ಣ ಹೋಗುತ್ತಿತ್ತು, ವಿಷ ಹೋಗುತ್ತಿರಲಿಲ್ಲ. ಹಸಿದವರು ಅದನ್ನೇ ಬೀಸಿ ರೊಟ್ಟಿ ಸುಟ್ಟರು. 6,530 ಜನ ಆಸ್ಪತ್ರೆ ಸೇರಿದರು, ಅವರಲ್ಲಿ 459 ಜನ ಸತ್ತರು. ಯಾರು ಯಾವ ತಿಂಗಳು ಎಷ್ಟು ವಿಷ ತಿಂದರೆಂದು ಆಮೇಲೆ ಲೆಕ್ಕ ಹಾಕಲು ವಿಜ್ಞಾನಿಗಳಿಗೆ ಒದಗಿದ್ದು ಕೂದಲು. ಬುಡದಿಂದ ತುದಿಯವರೆಗೆ ಸೆಂಟಿಮೀಟರ್ ಸೆಂಟಿಮೀಟರಾಗಿ ಕತ್ತರಿಸಿ ಅಳೆದಾಗ ರೊಟ್ಟಿ ತಿಂದ ತಿಂಗಳುಗಳಲ್ಲಿ ಪಾದರಸ ಏರಿದ್ದೂ, ನಿಲ್ಲಿಸಿದ ಮೇಲೆ ಇಳಿದದ್ದೂ ಎಳೆಯ ಮೇಲೆ ಕಂಡಿತು. ಬಸುರಿಯರ ಕೂದಲು ನೋಡಿ ಹೊಟ್ಟೆಯಲ್ಲಿದ್ದ ಮಗುವಿಗೆ ಎಷ್ಟು ತಗಲಿರಬಹುದೆಂದು ಅಂದಾಜು ಮಾಡಿದರು. ಅದಕ್ಕೂ ಮುಂಚೆ ಜಪಾನಿನ ಮಿನಮಾಟಾದಲ್ಲಿ ಮೀನು ತಿಂದು ಕೈಕಾಲು ಸ್ವಾಧೀನ ತಪ್ಪಿದವರ ಕೂದಲಿನಲ್ಲೂ ಪಾದರಸ ಸಿಕ್ಕಿತ್ತು.

ದೂರದ ಊರು ಯಾಕೆ, ನಮ್ಮ ಯಾದಗಿರಿ ಜಿಲ್ಲೆಗೇ ಬಾ. ಸುರಪುರದ ಕಡೆ ಕಿರದಳ್ಳಿ ತಾಂಡಾ ಎಂಬ ಊರಿದೆ. ಹತ್ತಿರದಲ್ಲಿ ಮಂಗಳೂರು ಎಂದೇ ಹೆಸರಿನ ಇನ್ನೊಂದು ಊರು, ಕರಾವಳಿಯದಲ್ಲ. ಅಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಚಿನ್ನದ ಅದಿರಿರುವ ಕಲ್ಲಿನಲ್ಲಿ ಆರ್ಸೆನಿಕ್ ಜೊತೆಗೂಡಿರುವುದು ಹೊಸ ಸಂಗತಿಯೇನಲ್ಲ. ಆ ಭಾಗದ ಜನರ ಅಂಗೈ ಅಂಗಾಲುಗಳಲ್ಲಿ ಗಂಟು, ಮೈಮೇಲೆ ಮಚ್ಚೆ ಕಾಣಿಸಿಕೊಂಡಿದ್ದವು. ಬಂಗಾಳದ ಹಳ್ಳಿಗಳಲ್ಲಿ ಆರ್ಸೆನಿಕ್‌ ನೀರಿನ ಬೆನ್ನು ಹತ್ತಿ ವರ್ಷಗಟ್ಟಲೆ ತಿರುಗಿದ್ದ ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಇಲ್ಲಿಗೂ ಬಂದರು. ಅವರ ವರದಿ ಪ್ರಕಟವಾದದ್ದು 2013ರಲ್ಲಿ. ನೋಡಿದ 59 ಕೊಳವೆಬಾವಿಗಳಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿ ದಾಟಿತ್ತು, ಒಂದರಲ್ಲಂತೂ 303 ಇತ್ತು. 171 ಜನರ ಕೂದಲು, ಉಗುರು ತೆಗೆದು ಅಳೆದರು. ಒಬ್ಬರೂ ಬಿಡದಂತೆ ಎಲ್ಲರಲ್ಲೂ ಆರ್ಸೆನಿಕ್ ಹೆಚ್ಚಾಗಿತ್ತು. ಚರ್ಮ ಪರೀಕ್ಷಿಸಿದ 181 ಜನರಲ್ಲಿ ನೂರಕ್ಕೆ 58ಕ್ಕಿಂತ ಹೆಚ್ಚು ಮಂದಿಗೆ ಆರ್ಸೆನಿಕ್ಕಿನ ಚರ್ಮರೋಗ ಹಿಡಿದಿತ್ತು.

ಈ ವರದಿಯನ್ನು ನಾನು ಓದಿದ್ದು ಕೆಲಸದಿಂದ ನಿವೃತ್ತಳಾಗುವ ಹೊತ್ತಿಗೆ. ಆ ರಾತ್ರಿ ನಿದ್ದೆ ಬರಲಿಲ್ಲ. ಕುಡಿಯುವ ಬಿಂದಿಗೆ ನೀರೇ ಮೈಗೆ ವಿಷವಾಗಿದ್ದವರ ಮಾತನ್ನು ಕೂದಲು ಹೇಳಿತ್ತು. ಆದರೆ ಆ ಅಧ್ಯಯನ ಹೇಗೆ ನಡೆಯಿತು ನೋಡು. ಅವರ ಕೈಯಲ್ಲಿ ಒಂದು ಗಟ್ಟಿ ಪ್ರಶ್ನೆ ಇತ್ತು: ಈ ಜನರ ಮೈಗೆ ಆರ್ಸೆನಿಕ್ ಸೇರುತ್ತಿದೆಯೇ? ಕೂದಲನ್ನು ಒಂಟಿಯಾಗಿ ಕೇಳಲಿಲ್ಲ. ನೀರು ಅಳೆದರು, ಮಣ್ಣು ಅಳೆದರು, ಉಗುರು ಅಳೆದರು, ಒಬ್ಬೊಬ್ಬರ ಅಂಗೈ ಹಿಡಿದು ನೋಡಿದರು. ಎಲ್ಲವೂ ಒಂದೇ ಕಡೆ ಬೆರಳು ತೋರಿಸಿದ ಮೇಲೆ ಮಾತಾಡಿದರು.

ಕೂದಲೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನೆಪೋಲಿಯನ್ ಕಥೆ ಇದೆ. ಅವನು 1821ರಲ್ಲಿ ಸತ್ತ. ಅವನ ಕೂದಲಿನಲ್ಲಿ ಆರ್ಸೆನಿಕ್ ಸಿಕ್ಕಿತೆಂದು 1961ರಿಂದ ವಿಷಪ್ರಯೋಗದ ಗುಲ್ಲು ಎದ್ದಿತು. 2008ರಲ್ಲಿ ಇಟಲಿಯ ವಿಜ್ಞಾನಿಗಳು ಅವನು ಹುಡುಗನಾಗಿದ್ದಾಗಿನ ಕೂದಲನ್ನೂ ಆ ಕಾಲದ ಬೇರೆಯವರ ಕೂದಲನ್ನೂ ಜೊತೆಗಿಟ್ಟು ಅಳೆದರು. ಹುಡುಗನಾಗಿದ್ದಾಗಲೂ ಅಷ್ಟೇ ಇತ್ತು, ಆ ಕಾಲದ ಎಲ್ಲರ ತಲೆಯಲ್ಲೂ ಇಂದಿಗಿಂತ ಬಹಳ ಹೆಚ್ಚಿತ್ತು. ಹೋಲಿಸಲು ಇನ್ನೊಂದು ಎಳೆ ಇಲ್ಲದಿದ್ದರೆ ಅಂಕಿಗೆ ಅರ್ಥ ಬರುವುದಿಲ್ಲ, ಪುಟ್ಟಿ.

ಈಗ ನಿನ್ನ ರಿಪೋರ್ಟಿಗೆ ಬರೋಣ. ನಿನ್ನ ಕೂದಲನ್ನು ಕೇಳಿದ ಪ್ರಶ್ನೆ ಯಾವುದು? ‘ನನ್ನ ಮೈಯಲ್ಲಿ ಯಾವ ಯಾವ ಖನಿಜ ಕಡಿಮೆಯಾಗಿದೆ, ನಾನು ಏನು ತಿನ್ನಬೇಕು?’ ಇದಕ್ಕೆ ಉತ್ತರ ಕೂದಲಿನ ಹತ್ತಿರ ಇಲ್ಲ. ಪಾದರಸ, ಆರ್ಸೆನಿಕ್‌ನಂಥ ಒಂದೆರಡರ ವಿಷಯದಲ್ಲಿ ಕೂದಲಿಗೂ ಮೈಗೂ ಇರುವ ಲೆಕ್ಕಾಚಾರವನ್ನು ದಶಕಗಟ್ಟಲೆ ದುಡಿದು ಕಂಡುಕೊಂಡಿದ್ದಾರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ ಇವುಗಳಿಗೆ ಅಂಥ ಲೆಕ್ಕ ಇಲ್ಲ. ಕೂದಲಿನ ಕ್ಯಾಲ್ಸಿಯಂ ನೋಡಿ ಮೂಳೆಯ ಗಟ್ಟಿತನ ಹೇಳಲಾಗದು. ಸತುವಿನದಂತೂ ವಿಚಿತ್ರ. ಮೈಯಲ್ಲಿ ಸತು ತೀರಾ ಕಡಿಮೆಯಾದರೆ ಕೂದಲು ಬೆಳೆಯುವುದೇ ನಿಧಾನವಾಗುತ್ತದೆ. ಇದ್ದ ಅಷ್ಟಿಷ್ಟು ಸತು ಆ ಗಿಡ್ಡ ಎಳೆಯಲ್ಲೇ ಕೂಡಿಕೊಂಡು ಅಂಕಿ ಸರಿಯಾಗಿಯೇ ಕಾಣಬಹುದು, ಹೆಚ್ಚಾಗಿಯೂ ಕಾಣಬಹುದು. ಕೊರತೆ ಇದ್ದವಳಿಗೆ ‘ಹಸಿರು ಪಟ್ಟಿ’ ಬರುವ ಪರೀಕ್ಷೆಯನ್ನು ಪರೀಕ್ಷೆ ಎಂದು ಹೇಗೆ ಕರೆಯಲಿ?

ಇನ್ನು ಹೊರಗಿನಿಂದ ಅಂಟುವುದರ ಮಾತು. ನೀನಿರುವ ಅಪಾರ್ಟ್‌ಮೆಂಟಿಗೆ ಟ್ಯಾಂಕರಿನಲ್ಲಿ ಬೋರ್‌ವೆಲ್ ನೀರು ಬರುತ್ತದೆ. ನಲ್ಲಿಯ ಮೂತಿಗೆ ಬಿಳಿ ಪೊರೆ ಕಟ್ಟುತ್ತದೆ ಎಂದು ನೀನೇ ಹೇಳಿದ್ದೆ. ಆ ಪೊರೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳದ್ದು. ನಲ್ಲಿಗೆ ಅಂಟುವುದು ಕೂದಲಿಗೂ ಅಂಟುತ್ತದೆ. ಬಣ್ಣ ಹಾಕಿಸಿ, ಕಾಯಿಸಿ ನೇರ ಮಾಡಿಸಿದ ಕೂದಲು ಇನ್ನೂ ಹೆಚ್ಚು ಹೀರುತ್ತದೆ, ನೀನು ಎರಡನ್ನೂ ಮಾಡಿಸಿದ್ದೀಯ. ತಲೆಹೊಟ್ಟಿಗೆಂದು ಹಾಕುವ ಶಾಂಪೂಗಳಲ್ಲಿ ಕೆಲವಕ್ಕೆ ಸತುವಿನ ಸಂಯುಕ್ತವೇ ಮದ್ದು, ಕೆಲವಕ್ಕೆ ಸೆಲೆನಿಯಮ್ಮಿನದು. ತಾಮ್ರದ ಕೊಳವೆಯ ನೀರು, ಈಜುಕೊಳದ ನೀರು ಕೂದಲಿಗೆ ತಾಮ್ರ ಕೊಡುತ್ತವೆ. ಬೈತಲೆಗೆ ಇಡುವ ಸಿಂಧೂರದಲ್ಲಿ ಕೆಲವೆಡೆ ಸೀಸದ ಕೆಂಪು ಪುಡಿ ಬೆರೆಸಿರುತ್ತಾರೆ. ಅಳೆಯುವ ಮುಂಚೆ ತೊಳೆಯುತ್ತೇವೆ ಎನ್ನುತ್ತಾರೆ. ಒಂದೊಂದು ಲ್ಯಾಬು ಒಂದೊಂದು ರೀತಿ ತೊಳೆಯುತ್ತದೆ. ಮೆಲ್ಲಗೆ ತೊಳೆದರೆ ಅಂಟಿದ್ದು ಬಿಡುವುದಿಲ್ಲ, ಬಿರುಸಾಗಿ ತೊಳೆದರೆ ಒಳಗಿನದೂ ಹರಿದುಹೋಗುತ್ತದೆ. ನಿನ್ನ ಕೆಂಪು ಪಟ್ಟಿಯ ಕ್ಯಾಲ್ಸಿಯಂ ಎಷ್ಟು ನಿನ್ನದು, ಎಷ್ಟು ಟ್ಯಾಂಕರಿನದು ಎಂದು ಬಿಡಿಸಿ ಹೇಳುವ ದಾರಿ ಆ ಹದಿನಾಲ್ಕು ಪುಟದಲ್ಲಿ ಇಲ್ಲ.

‘ಯಂತ್ರ ತಪ್ಪು ಹೇಳುತ್ತದಾ ದೊಡ್ಡಮ್ಮ?’ ಎಂದು ಕೇಳಿದ್ದೆ. ಯಂತ್ರ ಒಳ್ಳೆಯದೇ. ಕೋಟಿಯಲ್ಲೊಂದು ಭಾಗ ಇದ್ದರೂ ಹಿಡಿಯುವ ಯಂತ್ರಗಳಿವೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಒಬ್ಬರ ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿತ್ತು, ಕ್ಯಾಲ್ಸಿಯಂ ಇಲ್ಲವೇನೋ ಎಂಬಷ್ಟು ಇಳಿದಿತ್ತು. ಅಂಥ ಅಂಕಿ ಇರುವವರು ಬದುಕಿರುವುದಿಲ್ಲ. ಓಡಿಹೋಗಿ ನೋಡಿದರೆ ಆ ಮನುಷ್ಯ ವರಾಂಡದಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಆದದ್ದಿಷ್ಟೆ: ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಕಡಿಮೆ ಬಿತ್ತೆಂದು ಯಾರೋ ನೇರಳೆ ಮುಚ್ಚಳದ ಟ್ಯೂಬಿನಿಂದ ಬಗ್ಗಿಸಿದ್ದರು. ನೇರಳೆ ಟ್ಯೂಬಿನಲ್ಲಿ ಇಡಿಟಿಎ ಎಂಬ ಪೊಟ್ಯಾಸಿಯಮ್ಮಿನ ಲವಣ ಇರುತ್ತದೆ. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತದೆ. ಯಂತ್ರ ತನ್ನ ಬಾಯಿಗೆ ಬಿದ್ದದ್ದನ್ನು ಸರಿಯಾಗಿಯೇ ಅಳೆದಿತ್ತು. ನಮ್ಮ ಹಿರಿಯ ಟೆಕ್ನಿಷಿಯನ್ ಅವತ್ತು ನನಗೆ ಹೇಳಿದರು: ‘ಅಂಕಿ ನೋಡುವ ಮುಂಚೆ ಮನುಷ್ಯನ ಮುಖ ನೋಡಮ್ಮ.’ ಮೂವತ್ತೆರಡು ವರ್ಷ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೇ ಕೆಲಸ ಮಾಡಿದೆ. ಈ ಇಡಿಟಿಎ ಹೆಸರು ನೆನಪಿಟ್ಟುಕೊ, ಮುಂದೆ ಇನ್ನೊಮ್ಮೆ ಬರುತ್ತದೆ.

ಲ್ಯಾಬು ನಂಬಿಕೆಗೆ ಯೋಗ್ಯವೋ ಎಂದು ನೋಡುವ ಸುಲಭದ ದಾರಿ ಒಂದಿದೆ. ಒಂದೇ ಸ್ಯಾಂಪಲನ್ನು ಹತ್ತು ಕಡೆ ಕಳಿಸಿ ಉತ್ತರ ಹೋಲಿಸುವುದು. ರಕ್ತದ ಲ್ಯಾಬುಗಳಿಗೆ ವೆಲ್ಲೂರಿನ ಸಿಎಂಸಿಯಿಂದ ಅಂಥ ಸ್ಯಾಂಪಲ್ ಬರುತ್ತದೆ. ತಿಂಗಳಿಗೊಂದು ಸೀಸೆ, ಒಳಗೆ ಏನೆಷ್ಟಿದೆ ಎಂದು ನಮಗೆ ಗೊತ್ತಿರುವುದಿಲ್ಲ. ಅಳೆದು ಕಳಿಸಬೇಕು. ದೇಶದ ಉಳಿದ ಲ್ಯಾಬುಗಳ ಪಕ್ಕದಲ್ಲಿ ನಮ್ಮ ಅಂಕಿ ಎಲ್ಲಿ ನಿಂತಿತೆಂದು ಪಟ್ಟಿ ಬರುವವರೆಗೂ ನಮಗೆಲ್ಲ ಪರೀಕ್ಷೆ ಬರೆದ ಮಕ್ಕಳ ಹಾಗೆ ಎದೆ ಡವಡವ. ಕೂದಲು ಲ್ಯಾಬುಗಳಿಗೂ ಇಂಥ ಪರೀಕ್ಷೆ ಆಗಿದೆ, ಅಮೆರಿಕದಲ್ಲಿ. 1985ರಲ್ಲಿ ಸ್ಟೀಫನ್ ಬ್ಯಾರೆಟ್ ಎಂಬ ವೈದ್ಯರು ಆರೋಗ್ಯವಂತರಾದ ಇಬ್ಬರು ಹದಿಹರೆಯದವರ ಕೂದಲನ್ನು 13 ಲ್ಯಾಬುಗಳಿಗೆ ಕಳಿಸಿದರು. ಒಂದರಂತೆ ಇನ್ನೊಂದು ಹೇಳಲಿಲ್ಲ. ಒಂದೇ ಲ್ಯಾಬಿಗೆ ಒಂದೇ ಕೂದಲನ್ನು ಎರಡು ಸಲ ಕಳಿಸಿದರೂ ಉತ್ತರ ಬೇರೆ ಬಂತು. 2001ರಲ್ಲಿ ಕ್ಯಾಲಿಫೋರ್ನಿಯಾದವರು ಮತ್ತೆ ನೋಡಿದರು. ಒಬ್ಬಳೇ ಆರೋಗ್ಯವಂತ ಹೆಂಗಸಿನ ಕೂದಲು, ಅದನ್ನು ಹಂಚಿ ಆರು ಲ್ಯಾಬುಗಳಿಗೆ ಕಳಿಸಿದರು. ಆ ದೇಶದ ಕೂದಲು ಖನಿಜ ಪರೀಕ್ಷೆಗಳಲ್ಲಿ ನೂರಕ್ಕೆ 90ರಷ್ಟನ್ನು ಮಾಡುತ್ತಿದ್ದದ್ದು ಆ ಆರು ಲ್ಯಾಬುಗಳೇ. 12 ಖನಿಜಗಳಲ್ಲಿ ಅತಿ ಹೆಚ್ಚು ಹೇಳಿದ ಲ್ಯಾಬಿಗೂ ಅತಿ ಕಡಿಮೆ ಹೇಳಿದ ಲ್ಯಾಬಿಗೂ ಹತ್ತು ಪಟ್ಟಿಗಿಂತ ಹೆಚ್ಚು ಅಂತರ. ಅವಳು ಏನು ತಿನ್ನಬೇಕೆಂಬ ಸಲಹೆಗಳೂ ಒಂದಕ್ಕೊಂದು ಎದುರುಬದುರು. ರೋಗಿಗಳ ಆಹಾರವನ್ನೋ ವಿಷದ ತಗಲನ್ನೋ ತೂಗಲು ಈ ಪರೀಕ್ಷೆಗಳನ್ನು ಬಳಸಬೇಡಿ ಎಂದು ಅವರು ವೈದ್ಯರಿಗೆ ಹೇಳಿದರು. ಕೂದಲು ನೋಡಿ ಚಿಕಿತ್ಸೆ ಬೇಕೋ ಬೇಡವೋ ಎಂದು ತೀರ್ಮಾನಿಸುವುದನ್ನು ಅಮೆರಿಕದ ವೈದ್ಯರ ಸಂಘವೂ ವಿರೋಧಿಸಿದೆ.

ರಕ್ತದ ರಿಪೋರ್ಟಿನಲ್ಲಿ ಹತ್ತು ಪಟ್ಟು ಅಂತರ ಬಂದಿದ್ದರೆ ಆ ಲ್ಯಾಬಿಗೆ ಬೀಗ ಬೀಳುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಹೋದದ್ದು ದುಡ್ಡಲ್ಲವೇ ಎಂದು ಬಿಡುತ್ತಿದ್ದೆ. ನನಗೆ ಹೆದರಿಕೆ ಇರುವುದು ಕೊನೆಯ ಪುಟದ ಗುಳಿಗೆಗಳ ಬಗ್ಗೆ. ಸತುವನ್ನು ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಕರುಳು ತಾಮ್ರ ಹೀರುವುದು ಕಡಿಮೆಯಾಗುತ್ತದೆ. ತಾಮ್ರ ಇಲ್ಲದೆ ರಕ್ತಹೀನತೆ ಬರುತ್ತದೆ, ಕಾಲು ಜೋಮು ಹಿಡಿಯುತ್ತದೆ. ತಾಮ್ರ ಹೆಚ್ಚಿದೆ, ಸತು ತಿನ್ನು ಎಂದು ಬರೆದಿದ್ದಾರಲ್ಲ, ಆ ತಾಮ್ರ ನಿನ್ನ ರಕ್ತದಲ್ಲಿ ಹೆಚ್ಚಿದೆಯೇ ಎಂದು ಯಾರು ನೋಡಿದರು? ಸೆಲೆನಿಯಂ ಬೇಕಾದದ್ದು ಚಿಟಿಕೆಯಷ್ಟೂ ಅಲ್ಲ. ಮಿತಿ ಮೀರಿದರೆ ಉಗುರು ಪುಡಿಯಾಗುತ್ತದೆ, ಕೂದಲು ಉದುರುತ್ತದೆ. ಯಾವುದನ್ನು ತಡೆಯಲು ನುಂಗುತ್ತಿದ್ದೀಯೋ ಅದನ್ನೇ ತಂದುಕೊಂಡ ಹಾಗೆ.

ಇದಕ್ಕಿಂತ ಭಯದ್ದು ಇನ್ನೊಂದಿದೆ. ರಿಪೋರ್ಟಿನಲ್ಲಿ ಸೀಸವೋ ಪಾದರಸವೋ ಕೆಂಪು ತೋರಿಸಿದರೆ ಮುಂದೆ ‘ಡಿಟಾಕ್ಸ್’ ಎನ್ನುತ್ತಾರೆ, ‘ಕೀಲೇಷನ್’ ಎನ್ನುತ್ತಾರೆ. ಮೈಯೊಳಗಿನ ಲೋಹವನ್ನು ಹಿಡಿದು ಹೊರಹಾಕುವ ಔಷಧಿ ಅದು. ಸೀಸದ ವಿಷ ಏರಿದೆ ಎಂದು ರಕ್ತದಲ್ಲಿ ಖಚಿತವಾದವರಿಗೆ ಆಸ್ಪತ್ರೆಯಲ್ಲಿ ಕಣ್ಣಿಟ್ಟು ಕೊಡಬೇಕಾದದ್ದು. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗನಿಗೆ ಇಂಥ ಔಷಧಿಯನ್ನು ನರಕ್ಕೆ ಹಾಕಿದರು. ಹಾಕಿದ್ದು ಸೋಡಿಯಮ್ಮಿನ ಇಡಿಟಿಎ, ನಮ್ಮ ನೇರಳೆ ಟ್ಯೂಬಿನ ವಂಶದ್ದೇ. ಟ್ಯೂಬಿನಲ್ಲಿ ಮಾಡುವ ಕೆಲಸವನ್ನೇ ಮಗುವಿನ ಮೈಯಲ್ಲೂ ಮಾಡಿತು. ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯ ನಿಂತಿತು. ಟ್ಯೂಬು ತಪ್ಪಾದರೆ ಇನ್ನೊಮ್ಮೆ ರಕ್ತ ತೆಗೆಯಬಹುದು. ಆ ತಾಯಿಗೆ ಇನ್ನೊಮ್ಮೆ ಎಂಬುದು ಇರಲಿಲ್ಲ. ಯಾರಾದರೂ ನಿನಗೆ ಲೋಹ ತೆಗೆಯುವ ಸೂಜಿ, ಪುಡಿ, ಹನಿ ಅಂದರೆ ಆ ಬಾಗಿಲಿಂದ ಎದ್ದು ಬಾ. ನಿನಗೆ ಸೀಸದ ಅನುಮಾನವೇ ಇದ್ದರೆ ಅದಕ್ಕೆ ರಕ್ತಪರೀಕ್ಷೆ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ತಮ್ಮ ಬದುಕಿನ ಬಹುಭಾಗವನ್ನು ಮಕ್ಕಳ ರಕ್ತದ ಸೀಸ ಅಳೆಯುವುದಕ್ಕೇ ಕೊಟ್ಟವರು. ಅವರೂ ನೆಚ್ಚಿದ್ದು ರಕ್ತವನ್ನು.

ಹಾಗಾದರೆ ನಿನ್ನ ಕೂದಲು ಯಾಕೆ ಉದುರುತ್ತಿದೆ? ನಾನು ಡಾಕ್ಟರಲ್ಲ, ತೀರ್ಪು ಹೇಳುವುದಿಲ್ಲ. ಆದರೆ ಯಾರೂ ಕೇಳದ ಪ್ರಶ್ನೆಗಳನ್ನು ಕೇಳುತ್ತೇನೆ. ಜುಲೈಯಲ್ಲಿ ಡೆಂಗಿ ಬಂದು ಹತ್ತು ದಿನ ಮಲಗಿದ್ದೆ, ನಿಮ್ಮಮ್ಮ ರಜೆ ಹಾಕಿ ಬಂದು ಗಂಜಿ ಕಾಯಿಸಿಕೊಟ್ಟಳು. ಕೂದಲು ಉದುರಲು ಶುರುವಾದದ್ದು ಸೆಪ್ಟೆಂಬರ್ ಕೊನೆಗೆ. ದೊಡ್ಡ ಜ್ವರ, ಹೆರಿಗೆ, ದೊಡ್ಡ ಆಘಾತ ಇವುಗಳಾದ ಎರಡು ಮೂರು ತಿಂಗಳಿಗೆ ಕೂದಲು ರಾಶಿ ರಾಶಿ ಉದುರುವುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಜ್ವರದ ಹೊಡೆತಕ್ಕೆ ಬಹಳಷ್ಟು ಕೂದಲು ಒಟ್ಟಿಗೇ ಬೆಳೆಯುವುದನ್ನು ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತದೆ. ಆ ವಿಶ್ರಾಂತಿ ಮುಗಿದಾಗ ಒಟ್ಟಿಗೇ ಬೀಳುತ್ತದೆ. ಬೇರೆ ತೊಂದರೆ ಇಲ್ಲದಿದ್ದರೆ ಆರು ತಿಂಗಳ ಹೊತ್ತಿಗೆ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಅವರು ಬರೆದಿರುವ ಗುಳಿಗೆಯೂ ಆರು ತಿಂಗಳದ್ದೇ. ಆರನೇ ತಿಂಗಳಿಗೆ ಕೂದಲು ಉದುರುವುದು ನಿಂತಾಗ ಗುಳಿಗೆಯಿಂದ ನಿಂತಿತು ಎಂದು ನೀನು ನಂಬುತ್ತೀಯ, ಇನ್ನು ಹತ್ತು ಜನಕ್ಕೆ ಹೇಳುತ್ತೀಯ.

ಇನ್ನು ಸುಸ್ತು, ಎದೆ ಹೊಡೆದುಕೊಳ್ಳುವುದು. ಮುಟ್ಟಿನಲ್ಲಿ ಹೆಚ್ಚು ಹೋಗುತ್ತದೆಯೇ? ಎಷ್ಟು ದಿನ? ಬೆಳಗ್ಗೆ ತಿಂಡಿ ಬಿಟ್ಟು ಕಾಫಿಯಲ್ಲೇ ಹನ್ನೊಂದು ಗಂಟೆ ಮಾಡುತ್ತೀಯ, ಊಟದ ಮೇಲೆ ಮತ್ತೆ ಒಂದು ಲೋಟ. ಊಟದ ಬೆನ್ನಿಗೇ ಕಾಫಿ ಟೀ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಸರಿಯಾಗಿ ಹಿಡಿಸುವುದಿಲ್ಲ. ಅದೇ ಹುಳಿಗೆ, ಪಲ್ಯಕ್ಕೆ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚು ಹಿಡಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು. ಅದನ್ನು ಕಂಡುಹಿಡಿಯಲು ಬೇಕಾದದ್ದು ಹಿಮೋಗ್ಲೋಬಿನ್ ಪರೀಕ್ಷೆ, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡಲು ನಿನ್ನ ರಿಪೋರ್ಟಿನ ಒಂದು ಪುಟದ ಬೆಲೆಯೂ ಆಗುವುದಿಲ್ಲ. ನೀನು ಮೊಟ್ಟೆಯನ್ನೂ ಬಿಟ್ಟವಳು, ಹಾಗಾಗಿ ಬಿ12 ನೋಡಿಸು. ನಮ್ಮ ಕಡೆ ಹೆಂಗಸರಲ್ಲಿ ಥೈರಾಯ್ಡ್ ತೊಂದರೆಯೂ ಇದೆ, ನಿಮ್ಮಮ್ಮನಿಗೂ ಇದೆ, ಅದಕ್ಕೆ ಟಿಎಸ್‌ಎಚ್ ಪರೀಕ್ಷೆ. ಬಿ12 ಖನಿಜವಲ್ಲ, ಥೈರಾಯ್ಡ್ ಹಾರ್ಮೋನೂ ಖನಿಜವಲ್ಲ; ಕೂದಲು ಖನಿಜ ಪರೀಕ್ಷೆಯಲ್ಲಿ ಇವೆರಡಕ್ಕೂ ಜಾಗವೇ ಇಲ್ಲ.

ಲ್ಯಾಬಿನವಳಾಗಿ ಒಂದು ಸಣ್ಣ ಸಂಗತಿ ಹೇಳಬೇಕು, ಬಹಳ ಜನರಿಗೆ ಗೊತ್ತಿಲ್ಲ. ಆ ಮೂರು ಡಬ್ಬಿಗಳಲ್ಲಿ ಒಂದು ‘ಕೂದಲಿಗೆ’ ಎಂದು ಕೊಟ್ಟದ್ದು, ಅದರಲ್ಲಿ ಬಯೋಟಿನ್ ಇದೆ. ಹೆಚ್ಚು ಬಯೋಟಿನ್ ನುಂಗಿ ರಕ್ತ ಕೊಟ್ಟರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಿಜವಾದ ಥೈರಾಯ್ಡ್ ತೊಂದರೆ ಮುಚ್ಚಿಹೋಗಬಹುದು, ಇಲ್ಲದ ತೊಂದರೆ ಕಾಣಬಹುದು. ಎರಡು ಮೂರು ದಿನ ಮುಂಚೆಯೇ ಅದನ್ನು ನಿಲ್ಲಿಸಿ, ಡಾಕ್ಟರಿಗೂ ಲ್ಯಾಬಿನವರಿಗೂ ಹೇಳಿಯೇ ರಕ್ತ ಕೊಡು.

ಇಷ್ಟೆಲ್ಲ ಬರೆದ ಮೇಲೂ ನನ್ನನ್ನು ಕೊರೆಯುತ್ತಿರುವುದು ಬೇರೆ. ಆ ರಿಪೋರ್ಟಿನ ಪ್ರತಿ ಪುಟದಲ್ಲೂ ನಿನ್ನ ಹೆಸರಿತ್ತು. ‘ನಿಮಗಾಗಿ’, ‘ನಿಮ್ಮ ದೇಹಕ್ಕೆಂದೇ’ ಎಂದಿತ್ತು. ನೀನು ಆ ಸಾಲುಗಳನ್ನು ಬೆರಳಿಟ್ಟು ತೋರಿಸಿದೆ. ಆಗಲೇ ನನಗೆ ತಿಳಿಯಿತು, ನಿನಗೆ ಬೇಕಾಗಿದ್ದದ್ದು ನಿನ್ನೊಬ್ಬಳ ಮೇಲೆ ಗಮನವಿಟ್ಟು ಕೇಳುವ ಯಾರಾದರೂ ಒಬ್ಬರು. ಬೆಂಗಳೂರಿನ ಆ ರೂಮಿನಲ್ಲಿ ಊಟ ಆಯ್ತಾ ಎನ್ನುವವರಿಲ್ಲ. ಕ್ಲಿನಿಕ್ಕಿಗೆ ಹೋದರೆ ಎರಡು ನಿಮಿಷದಲ್ಲಿ ಚೀಟಿ ಬರೆದು ಮುಂದಿನವರನ್ನು ಕರೆಯುತ್ತಾರೆ, ನಿನ್ನ ಮಾತು ಗಂಟಲಲ್ಲೇ ಉಳಿಯುತ್ತದೆ. ಇದು ನಮ್ಮ ವೈದ್ಯರ ತಪ್ಪೂ ಹೌದು, ಮನೆಯವರಾದ ನಮ್ಮ ತಪ್ಪೂ ಹೌದು. ಆ ಖಾಲಿ ಜಾಗ ನೋಡಿಯೇ ಬಣ್ಣದ ಪಟ್ಟಿಗಳು ಬಂದು ಕೂತವು. ಆದರೆ ಆ ಹದಿನಾಲ್ಕು ಪುಟ ನಿನಗೆ ಜುಲೈಯಲ್ಲಿ ಜ್ವರ ಬಂದಿತ್ತೇ ಎಂದು ಕೇಳಲಿಲ್ಲ, ಮುಟ್ಟಿನ ಬಗ್ಗೆ ಕೇಳಲಿಲ್ಲ, ಎಷ್ಟು ಹೊತ್ತಿಗೆ ಮಲಗುತ್ತೀಯ ಎಂದು ಕೇಳಲಿಲ್ಲ, ನಿನ್ನ ಮುಖ ನೋಡಲಿಲ್ಲ. ನಿನ್ನ ಹೆಸರನ್ನು ಬರೆಯಿತು, ಅಷ್ಟೆ.

ಎರಡು ನಿಮಿಷದ ಡಾಕ್ಟರ ಮುಂದೆಯೂ ನಿನ್ನ ಮಾತು ನಡೆಯುವ ಹಾಗೆ ಮಾಡಿಕೊಳ್ಳಬಹುದು. ಒಂದು ಹಾಳೆಯಲ್ಲಿ ಬರೆದುಕೊ: ಜ್ವರ ಬಂದ ತಾರೀಖು, ಕೂದಲು ಉದುರಲು ಶುರುವಾದ ವಾರ, ಮುಟ್ಟಿನ ದಿನಗಳು, ತಿನ್ನುವ ಊಟ, ನುಂಗಿದ ಗುಳಿಗೆಗಳ ಹೆಸರು ಮತ್ತು ಪ್ರಮಾಣ, ಮನೆಯಲ್ಲಿ ಯಾರಿಗೆ ಏನಿದೆ. ಹೋದ ಕೂಡಲೇ ಹಾಳೆಯನ್ನು ಅವರ ಕೈಗೆ ಕೊಡು. ಓದುವ ವೈದ್ಯರು ಸಿಕ್ಕೇ ಸಿಗುತ್ತಾರೆ; ಮೊದಲನೆಯವರು ಓದದಿದ್ದರೆ ಎರಡನೆಯವರ ಹತ್ತಿರ ಹೋಗು. ಆ ಮೂರು ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲಿಡು. ಅವರು ಹೇಳುವವರೆಗೆ ಒಂದನ್ನೂ ನುಂಗಬೇಡ. ರಿಪೋರ್ಟನ್ನು ಅಳಿಸಬೇಕಾಗಿಲ್ಲ, ಆದರೆ ದಿನಾ ತೆಗೆದು ನೋಡುವುದನ್ನು ಬಿಡು.

ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಡಾಕ್ಟರನ್ನು ನೋಡಿ ರಕ್ತ ಕೊಟ್ಟು ಬಾ, ಪುಟ್ಟಿ. ರಿಪೋರ್ಟು ಬಂದ ಸಂಜೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ದೊಡ್ಡಮ್ಮ